ಒಂದೇ ಬೆರಳಿನ ಮೊಬೈಲ್ ಆಟಗಳ ಸೆಳೆತ: ಪದೇ ಪದೇ ಕೇಳುವ ಪ್ರಶ್ನೆಗಳು

ಪರದೆಯನ್ನು ಒಂದು ಬೆರಳಿನಿಂದ ತಟ್ಟಲು ಬಂದರೆ ಸಾಕು ಎನ್ನುವಂಥ ಪುಟ್ಟ ಆಟಗಳು ಮಕ್ಕಳನ್ನೂ ದೊಡ್ಡವರನ್ನೂ ಗಂಟೆಗಟ್ಟಲೆ ಹಿಡಿದು ಕೂರಿಸುವುದು ಹೇಗೆ ಎಂಬುದರ ಸುತ್ತ ಹುಟ್ಟುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಉದಾಹರಣೆಗಳಲ್ಲಿ ಹೆಚ್ಚಿನವು 2014ರಲ್ಲಿ ಜಗತ್ತಿನಾದ್ಯಂತ ಹಬ್ಬಿದ ಫ್ಲ್ಯಾಪಿ ಬರ್ಡ್ ಆಟದವು. ಅದರ ರಚನೆ ತೀರ ಸರಳವಾಗಿರುವುದರಿಂದ ಸೆಳೆತದ ಕಾರಣಗಳನ್ನು ಒಂದೊಂದಾಗಿ ಬಿಡಿಸಿ ನೋಡಲು ಸಾಧ್ಯವಾಗುತ್ತದೆ.

ಯಾವ ಬಗೆಯ ಆಟಗಳನ್ನು ಕುರಿತು ಇಲ್ಲಿ ಹೇಳಲಾಗಿದೆ?

ಕಣ್ಣಿಗೆ ಕಂಡದ್ದಕ್ಕೆ ಬೆರಳು ತಕ್ಷಣ ಸ್ಪಂದಿಸಬೇಕಾದ, ಕಥೆಯಾಗಲಿ ತಂತ್ರಗಾರಿಕೆಯಾಗಲಿ ಇಲ್ಲದ, ಬಹುಮಟ್ಟಿಗೆ ಒಂದು ತಪ್ಪಿಗೇ ಮುಗಿದುಹೋಗುವ ಆಟಗಳು. 1997ರಲ್ಲಿ ನೋಕಿಯಾ 6110 ಫೋನಿನೊಂದಿಗೆ ಬಂದ ಹಾವಿನ ಆಟ ಈ ವಂಶದ ಹಿರಿಯ. ಫಿನ್ಲೆಂಡಿನ ತನೆಲಿ ಅರ್ಮಾಂಟೊ ಅದನ್ನು ಆ ಫೋನಿಗಾಗಿ ಬರೆದವರು. ಟಚ್‌ಸ್ಕ್ರೀನ್ ಬಂದ ಮೇಲೆ ಫ್ರೂಟ್ ನಿಂಜಾ, ಸೂಪರ್ ಹೆಕ್ಸಗನ್, ಪಿಯಾನೊ ಟೈಲ್ಸ್, ಕ್ರಾಸಿ ರೋಡ್ ಮೊದಲಾದವು ಸಾಲಾಗಿ ಬಂದವು. ಇಂಟರ್ನೆಟ್ ಹೋದಾಗ ಕ್ರೋಮ್ ಬ್ರೌಸರಿನಲ್ಲಿ ಕಾಣಿಸಿಕೊಳ್ಳುವ ಡೈನೊಸಾರ್ ಓಟವೂ ಇದೇ ಜಾತಿಯದು. ರಮ್ಮಿಯಂತೆ ಹಣ ಕಟ್ಟಿ ಆಡುವ ಆಟಗಳ ತೊಂದರೆ ಬೇರೆಯೇ ಆದದ್ದರಿಂದ ಅವುಗಳನ್ನು ಇಲ್ಲಿ ಸೇರಿಸಿಲ್ಲ.

ಫ್ಲ್ಯಾಪಿ ಬರ್ಡ್ ಎಂದರೇನು? ಅದನ್ನು ಮಾಡಿದವರು ಯಾರು?

ವಿಯೆಟ್ನಾಮಿನ ರಾಜಧಾನಿ ಹನೋಯ್‌ನ ಡಾಂಗ್ ನುಯೆನ್ ಎಂಬ ಯುವಕ ಕೆಲವೇ ದಿನಗಳಲ್ಲಿ ಒಬ್ಬರೇ ಕುಳಿತು ಬರೆದ ಆಟ ಅದು. 2013ರ ಮೇ 24ರಂದು ಐಫೋನಿಗೆ ಬಿಡುಗಡೆಯಾಯಿತು. ತಿಂಗಳುಗಟ್ಟಲೆ ಯಾರ ಗಮನವೂ ಅತ್ತ ಹರಿಯಲಿಲ್ಲ. 2014ರ ಜನವರಿಯ ಹೊತ್ತಿಗೆ ಅದೇ ಆಟ ಅಮೆರಿಕದ ಆ್ಯಪ್ ಸ್ಟೋರಿನ ಉಚಿತ ಆಟಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತ್ತು, ತಿಂಗಳ ಕೊನೆಯಲ್ಲಿ ಆಂಡ್ರಾಯ್ಡಿಗೂ ಬಂದಿತು. ರೈಲಿನಲ್ಲಿ ಒಂದು ಕೈಯಿಂದ ಮೇಲಿನ ಹಿಡಿಕೆ ಹಿಡಿದು ನಿಂತವರು ಇನ್ನೊಂದು ಕೈಯಲ್ಲಿ ಆಡುವಂತಿರಬೇಕೆಂಬುದು ನುಯೆನ್ ಅವರ ಕಲ್ಪನೆಯಾಗಿತ್ತು. ಆಟದ ವಿವರಣೆ ಒಂದೇ ವಾಕ್ಯದ್ದು: ಪರದೆ ತಟ್ಟಿದಾಗಲೆಲ್ಲ ಹಕ್ಕಿ ಸ್ವಲ್ಪ ಮೇಲಕ್ಕೆ ಚಿಮ್ಮುತ್ತದೆ, ತಟ್ಟದಿದ್ದರೆ ಕೆಳಗೆ ಬೀಳುತ್ತದೆ, ಎದುರಿಗೆ ಬರುವ ಹಸಿರು ಪೈಪ್‌ಗಳ ನಡುವಿನ ಸಂದಿಯಲ್ಲಿ ಅದನ್ನು ದಾಟಿಸಬೇಕು. ಒಂದು ಪೈಪ್‌ಗೆ ಒಂದು ಅಂಕ. ಎಲ್ಲಿ ತಾಕಿದರೂ ಔಟ್.

ಇಷ್ಟು ಸರಳವಾದ ಆಟ ಅಷ್ಟೊಂದು ಕಷ್ಟವಾಗುವುದೇಕೆ?

ಹಕ್ಕಿ ಎಲ್ಲಿಯೂ ನಿಲ್ಲುವುದಿಲ್ಲ ಎಂಬುದೇ ಮೂಲ ಕಾರಣ. ಪ್ರತಿ ತಟ್ಟು ಅದನ್ನು ಒಂದೇ ಅಳತೆಯಷ್ಟು ಎತ್ತುತ್ತದೆ, ಆಮೇಲೆ ಬೀಳುವ ವೇಗ ಕ್ಷಣಕ್ಷಣಕ್ಕೂ ಹೆಚ್ಚುತ್ತದೆ. ಆದ್ದರಿಂದ ಒಂದು ತಟ್ಟು ಈಗಿನ ತೊಡಕನ್ನು ಬಿಡಿಸುತ್ತಲೇ ಮುಂದಿನ ತೊಡಕನ್ನು ಹುಟ್ಟಿಸುತ್ತದೆ. ಸ್ವಲ್ಪ ಬೇಗ ತಟ್ಟಿದರೆ ತಲೆ ಮೇಲಿನ ಪೈಪ್‌ಗೆ ತಾಗುತ್ತದೆ, ಸ್ವಲ್ಪ ತಡವಾದರೆ ಹೊಟ್ಟೆ ಕೆಳಗಿನದಕ್ಕೆ ತಾಗುತ್ತದೆ.

ಇದನ್ನು ನಾವು ಪ್ರತಿಕ್ರಿಯೆಯ ವೇಗದ ಆಟ ಎಂದು ಕರೆದರೂ ಇದರಲ್ಲಿ ನಡೆಯುವ ಕೆಲಸ ಬಹುಮಟ್ಟಿಗೆ ಮುಂದಾಲೋಚನೆಯದು. ಕಣ್ಣಿಗೆ ಬಿದ್ದ ಹೊಸ ಸಂಗತಿಯೊಂದಕ್ಕೆ ಕೈ ಸ್ಪಂದಿಸಲು ಮನುಷ್ಯನಿಗೆ ಸೆಕೆಂಡಿನ ಕಾಲು ಭಾಗದಷ್ಟು ಹೊತ್ತು ಬೇಕಾಗುತ್ತದೆ, ಆದರೆ ಇಲ್ಲಿ ಪೈಪ್ ಮೊದಲೇ ಕಾಣಿಸಿರುತ್ತದೆ ಮತ್ತು ಒಂದೇ ವೇಗದಲ್ಲಿ ಹತ್ತಿರ ಬರುತ್ತದೆ. ಯಾವ ಕ್ಷಣದಲ್ಲಿ ತಟ್ಟಬೇಕೆಂಬ ಅಂದಾಜೇ ಇಲ್ಲಿನ ವಿದ್ಯೆ. ಅನೇಕ ಆಟಗಳಂತೆ ಫ್ಲ್ಯಾಪಿ ಬರ್ಡ್ ಹೋಗುತ್ತ ಹೋಗುತ್ತ ವೇಗ ಹೆಚ್ಚಿಸಿಕೊಳ್ಳುವುದೂ ಇಲ್ಲ. ಐವತ್ತನೆಯ ಪೈಪ್ ಮೊದಲನೆಯದಕ್ಕಿಂತ ಕಷ್ಟದ್ದಲ್ಲ. ಮೊದಲನೆಯದನ್ನು ದಾಟಿಸಿದವನಿಗೆ ಐವತ್ತನೆಯದನ್ನೂ ದಾಟಿಸುವ ಶಕ್ತಿ ಇದ್ದೇ ಇದೆ ಎಂದು ಆಟ ಮಾತಿಲ್ಲದೆ ಹೇಳುತ್ತಿರುತ್ತದೆ, ಆ ಮಾತು ನಿಜವೂ ಹೌದು. ಸೆಳೆತದ ಬೇರು ಇರುವುದು ಅಲ್ಲಿ.

ಸೋತಾಗ ಬೇಸತ್ತು ಬಿಡುವ ಬದಲು ಮತ್ತೆ ಮತ್ತೆ ಆಡುತ್ತೇವಲ್ಲ, ಅದೇಕೆ?

ಈ ಪುಟದ ಮುಖ್ಯ ಪ್ರಶ್ನೆ ಇದೇ. ಇಸ್ಪೀಟಿನಲ್ಲಿ ಸೋತರೆ ಎಲೆ ಚೆನ್ನಾಗಿ ಬೀಳಲಿಲ್ಲ ಎನ್ನಬಹುದು, ಕ್ರಿಕೆಟ್ಟಿನಲ್ಲಿ ಸೋತರೆ ಪಿಚ್ ಸರಿಯಿರಲಿಲ್ಲ ಎನ್ನಬಹುದು. ಇಲ್ಲಿ ದೂರಲು ಯಾರೂ ಇಲ್ಲ. ನಿಯಮ ಒಂದೇ, ಬೆರಳು ನನ್ನದೇ, ತಪ್ಪು ಯಾವ ಕ್ಷಣದಲ್ಲಿ ಆಯಿತೆಂಬುದೂ ಕಣ್ಣೆದುರಿಗೇ ಇದೆ. ತಪ್ಪು ನನ್ನದೇ ಆದರೆ ತಿದ್ದುವುದೂ ನನ್ನ ಕೈಯಲ್ಲೇ ಇದೆ ಎಂದು ಮನಸ್ಸು ತಾನಾಗಿಯೇ ಲೆಕ್ಕ ಹಾಕುತ್ತದೆ. ಸೋಲು ಕೊನೆಯಂತೆ ಕಾಣದೆ ಅರ್ಧಕ್ಕೆ ನಿಂತ ಕೆಲಸದಂತೆ ಕಾಣುತ್ತದೆ.

ಅದಕ್ಕೆ ಕೂದಲೆಳೆಯ ಅಂತರದ ಸೋಲು ಸೇರಿಕೊಳ್ಳುತ್ತದೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ಲ್ಯೂಕ್ ಕ್ಲಾರ್ಕ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಜೂಜಿನ ಯಂತ್ರವನ್ನು ಹೋಲುವ ಆಟವನ್ನು ಜನರಿಂದ ಆಡಿಸಿ ನೋಡಲಾಯಿತು. ಸ್ವಲ್ಪದರಲ್ಲಿ ತಪ್ಪಿದ ಸೋಲು ಅವರಿಗೆ ಪೂರ್ತಿ ಸೋಲಿಗಿಂತಲೂ ಕಹಿಯೆನಿಸಿತು, ಆದರೂ ಇನ್ನೊಮ್ಮೆ ಆಡಬೇಕೆಂಬ ಆಸೆಯನ್ನು ಅದು ಹೆಚ್ಚಿಸಿತು. ಅದರಲ್ಲೂ ಆಯ್ಕೆಯನ್ನು ಆಡುವವರೇ ತಮ್ಮ ಕೈಯಾರೆ ಮಾಡಿದಾಗ ಮಾತ್ರ ಹಾಗಾಯಿತು. ಜೂಜಿನ ಯಂತ್ರದಲ್ಲಿ ಕೈಯ ಹಿಡಿತ ಬರೀ ಭ್ರಮೆ. ಹಕ್ಕಿಯ ಆಟದಲ್ಲಿ ಅದು ನಿಜ, ಮತ್ತು ಪ್ರತಿಯೊಂದು ಸೋಲೂ ಹೆಚ್ಚುಕಡಿಮೆ ಕೂದಲೆಳೆಯ ಅಂತರದ್ದೇ.

ಇಷ್ಟಿದ್ದರೂ ನಾಲ್ಕೈದು ಆಟಕ್ಕೆ ಸಾಕೆನಿಸಬಹುದಾಗಿತ್ತು, ಮರಳಿ ಶುರುಮಾಡಲು ಸ್ವಲ್ಪ ಹೊತ್ತು ಹಿಡಿಯುವಂತಿದ್ದರೆ. ಔಟ್ ಆದ ಒಂದೆರಡು ಸೆಕೆಂಡಿನಲ್ಲಿ ಹೊಸ ಆಟ ತೊಡಗುವುದರಿಂದ ಬಿಡಬೇಕೋ ಮುಂದುವರಿಸಬೇಕೋ ಎಂಬ ಪ್ರಶ್ನೆಯನ್ನು ಮನಸ್ಸು ಎತ್ತುವುದರೊಳಗೆ ಬೆರಳು ಉತ್ತರ ಕೊಟ್ಟಿರುತ್ತದೆ. ಮತ್ತೆ ಆಡಲು ನಿರ್ಧಾರವೇ ಬೇಡ, ನಿಲ್ಲಿಸಲು ಮಾತ್ರ ನಿರ್ಧಾರ ಬೇಕು. ಇದನ್ನು ಇಚ್ಛಾಶಕ್ತಿಯ ಕೊರತೆ ಎಂದು ಕರೆಯುವುದು ಆಡುವವರಿಗೆ ಮಾಡುವ ಅನ್ಯಾಯ ಎಂಬುದು ನನ್ನ ದೃಢವಾದ ಅಭಿಪ್ರಾಯ. ಇಚ್ಛೆಯನ್ನು ಬಳಸಲು ಬೇಕಾದ ಬಿಡುವನ್ನೇ ಆಟದ ರಚನೆ ಕಿತ್ತುಕೊಂಡಿರುತ್ತದೆ.

ಒಮ್ಮೆ 3 ಅಂಕ, ಇನ್ನೊಮ್ಮೆ 30. ನಾನು ಸುಧಾರಿಸುತ್ತಿದ್ದೇನೆಯೇ?

ಸುಧಾರಿಸುತ್ತಿರಬಹುದು, ಆದರೆ ಆ ಎರಡು ಅಂಕಗಳಿಂದ ಅದನ್ನು ತಿಳಿಯಲಾಗದು. ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ನಿಮ್ಮ ಕೌಶಲ ಒಂದಿಷ್ಟೂ ಬದಲಾಗದೆ ಪ್ರತಿ ಪೈಪನ್ನು ದಾಟಿಸುವ ಸಾಧ್ಯತೆ ನೂರಕ್ಕೆ ತೊಂಬತ್ತು ಎಂದುಕೊಳ್ಳಿ. ಆಗ ನೂರು ಆಟಗಳಲ್ಲಿ ಸುಮಾರು 27 ಆಟಗಳು ಮೂರನೆಯ ಪೈಪ್ ದಾಟುವುದರೊಳಗೇ ಮುಗಿಯುತ್ತವೆ, ಸುಮಾರು 35 ಆಟಗಳು ಹತ್ತು ಅಂಕ ಮುಟ್ಟುತ್ತವೆ, ನಾಲ್ಕು ಆಟಗಳು ಮೂವತ್ತನ್ನು ಮುಟ್ಟುತ್ತವೆ. ಅದೇ ಕೈ, ಅದೇ ಚುರುಕು, ಫಲ ಮಾತ್ರ ಬೇರೆ ಬೇರೆ. ಮೂವತ್ತು ಬಂದಾಗ ಕೈ ಕುದುರಿತು ಎನ್ನುತ್ತೇವೆ, ಮೂರು ಬಂದಾಗ ಗಮನ ತಪ್ಪಿತು ಎನ್ನುತ್ತೇವೆ; ಎರಡು ಮಾತೂ ಮುಂದಿನ ಆಟಕ್ಕೇ ಕರೆದೊಯ್ಯುತ್ತವೆ.

ಯಾವಾಗ ಸಿಗುತ್ತದೆಂದು ತಿಳಿಯದ ಬಹುಮಾನ ಪ್ರಾಣಿಗಳನ್ನು ಎಷ್ಟು ಬಲವಾಗಿ ಹಿಡಿದಿಡುತ್ತದೆ ಎಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಕಳೆದ ಶತಮಾನದ ಮಧ್ಯಭಾಗದಲ್ಲಿ ಪಾರಿವಾಳಗಳ ಪ್ರಯೋಗಗಳಿಂದ ತೋರಿಸಿದ್ದರು. ಇಷ್ಟು ಸಲ ಕುಕ್ಕಿದರೆ ಕಾಳು ಖಂಡಿತ ಎಂದಿದ್ದಾಗ ಕಾಳು ಸಿಕ್ಕ ಮೇಲೆ ಪಾರಿವಾಳ ಸ್ವಲ್ಪ ಹೊತ್ತು ಸುಮ್ಮನಿರುತ್ತಿತ್ತು; ಎಷ್ಟನೆಯ ಕುಕ್ಕಿಗೆ ಸಿಗುತ್ತದೆಂಬುದು ಅನಿಶ್ಚಿತವಾದಾಗ ಬಿಡುವಿಲ್ಲದೆ ಕುಕ್ಕುತ್ತಿತ್ತು. ಒಂದು ತಪ್ಪಿಗೇ ಮುಗಿಯುವ ಆಟದಲ್ಲಿ ಈ ಅನಿಶ್ಚಿತತೆಯನ್ನು ಯಾರೂ ಬೇಕೆಂದು ಹಾಕಬೇಕಾಗಿಲ್ಲ, ಮೇಲಿನ ಲೆಕ್ಕದಿಂದ ಅದು ತಾನಾಗಿಯೇ ಹುಟ್ಟುತ್ತದೆ.

ದಾಖಲೆ ಮುರಿದ ಕೂಡಲೇ ನಿಲ್ಲಿಸುತ್ತೇನೆ ಎಂದುಕೊಂಡರೆ ಆಗದೇ?

ಮೊದಮೊದಲು ಆಗುತ್ತದೆ, ಬರಬರುತ್ತ ಆಗುವುದಿಲ್ಲ. ಅದೇ ನೂರಕ್ಕೆ ತೊಂಬತ್ತರ ಲೆಕ್ಕದಲ್ಲಿ 20ರ ದಾಖಲೆಯನ್ನು ಮುರಿಯಲು ಸರಾಸರಿ ಒಂಬತ್ತು ಆಟ ಸಾಕು, 40ರ ದಾಖಲೆಯನ್ನು ಮುರಿಯಲು ಸರಾಸರಿ ಎಪ್ಪತ್ತೈದು ಆಟ ಬೇಕು. ಹೈ ಸ್ಕೋರ್ ಏರಿದಷ್ಟೂ ನೀವೇ ಹಾಕಿಕೊಂಡ ನಿಲ್ದಾಣ ದೂರ ಸರಿಯುತ್ತದೆ. ಫ್ಲ್ಯಾಪಿ ಬರ್ಡ್ 10, 20, 30, 40 ಅಂಕಗಳಿಗೆ ಕಂಚು, ಬೆಳ್ಳಿ, ಚಿನ್ನ, ಪ್ಲಾಟಿನಂ ಪದಕಗಳನ್ನು ಕೊಡುತ್ತಿತ್ತು. ನೋಡಲು ಸಮಾನ ಅಂತರದ ಮೆಟ್ಟಿಲುಗಳಂತಿರುವ ಈ ಪದಕಗಳಲ್ಲಿ ಒಂದೊಂದೂ ಹಿಂದಿನದಕ್ಕಿಂತ ಹಲವು ಪಟ್ಟು ಅಪರೂಪದ್ದು.

ಎಲ್ಲವೂ ಮಿದುಳಿನ ರಾಸಾಯನಿಕವಾದ ಡೋಪಮೈನ್ ಮಾಡುವ ಕೆಲಸ ಎನ್ನುತ್ತಾರೆ. ನಿಜವೇ?

ಅದರಲ್ಲಿ ಸತ್ಯದ ಅಂಶವಿದೆ, ಆದರೆ ಆ ಮಾತನ್ನು ಸಡಿಲವಾಗಿ ಬಳಸಲಾಗುತ್ತಿದೆ. ಡೋಪಮೈನ್ ಎಂದರೆ ಸುಖದ ರಾಸಾಯನಿಕ ಎಂಬ ಜನಪ್ರಿಯ ವಿವರಣೆ ಅಪೂರ್ಣ. ವುಲ್ಫ್ರಾಮ್ ಶುಲ್ಟ್ಸ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಕೋತಿಗಳ ಮೇಲೆ ನಡೆಸಿದ ಸಂಶೋಧನೆಯಲ್ಲಿ ಡೋಪಮೈನ್ ನರಕೋಶಗಳು ನಿರೀಕ್ಷಿಸಿದ್ದಕ್ಕಿಂತ ಹೆಚ್ಚು ಸಿಕ್ಕಾಗ ಚುರುಕಾಗುವುದು, ನಿರೀಕ್ಷಿಸಿದಷ್ಟೇ ಸಿಕ್ಕಾಗ ಹೆಚ್ಚು ಸ್ಪಂದಿಸದಿರುವುದು, ನಿರೀಕ್ಷಿಸಿದ್ದು ಸಿಗದಾಗ ಮಂದವಾಗುವುದು ಕಂಡುಬಂತು. ನಿರೀಕ್ಷೆಗೂ ಫಲಕ್ಕೂ ನಡುವಿನ ವ್ಯತ್ಯಾಸವನ್ನು ಮಿದುಳು ಹೀಗೆ ಅಳೆಯುತ್ತದೆ. ಕಲಿಕೆ ನಡೆಯುವುದೇ ಆ ಅಳತೆಯಿಂದ. ಪ್ರತಿ ಕೆಲವು ಸೆಕೆಂಡಿಗೊಮ್ಮೆ ಹೀಗೆ ಅಳೆಯುವ ಅವಕಾಶ ಕೊಡುವ ಆಟ ಮಿದುಳಿನ ಕಲಿಯುವ ವ್ಯವಸ್ಥೆಯನ್ನು ಸದಾ ದುಡಿಸುತ್ತಿರುತ್ತದೆ ಎನ್ನಬಹುದು. ಅದಕ್ಕಿಂತ ಹೆಚ್ಚಿನದನ್ನು, ಅದರಲ್ಲೂ ಮಾದಕವಸ್ತುವಿಗೂ ಈ ಆಟಗಳಿಗೂ ಭೇದವಿಲ್ಲ ಎಂಬಂಥ ಮಾತನ್ನು, ಹೇಳಬಾರದು.

ಕಣ್ಣು ಮುಚ್ಚಿದರೂ ಪೈಪ್‌ಗಳೇ ಕಾಣುತ್ತವೆ. ಹೆದರಬೇಕೇ?

ಬೇಕಿಲ್ಲ. ಹಾರ್ವರ್ಡ್‌ನ ರಾಬರ್ಟ್ ಸ್ಟಿಕ್‌ಗೋಲ್ಡ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೇಲಿಂದ ಬೀಳುವ ಇಟ್ಟಿಗೆಗಳನ್ನು ಜೋಡಿಸುವ ಟೆಟ್ರಿಸ್ ಆಟ ಆಡಿದವರಿಗೆ ನಿದ್ರೆ ಹತ್ತುವ ಹೊತ್ತಿನಲ್ಲಿ ಬೀಳುವ ಇಟ್ಟಿಗೆಗಳು ಕಾಣಿಸಿದವು. ಆಟ ಆಡಿದ್ದೇ ನೆನಪಿಲ್ಲದ, ಮರೆವಿನ ಕಾಯಿಲೆಯ ಕೆಲವರಿಗೂ ಕಾಣಿಸಿದವು. ಹೊಸದಾಗಿ ಕಲಿತ ಕೈಕೆಲಸವನ್ನು ಮಿದುಳು ನಿದ್ರೆಯಲ್ಲಿ ಗಟ್ಟಿ ಮಾಡಿಕೊಳ್ಳುತ್ತದೆ. ಇದರಿಂದ ಒಂದು ಉಪಯೋಗದ ತಿಳಿವಳಿಕೆಯೂ ಸಿಗುತ್ತದೆ: ರಾತ್ರಿ ಎರಡು ಗಂಟೆಯವರೆಗೆ ಆಡುವವರಿಗಿಂತ ಫೋನ್ ಕೆಳಗಿಟ್ಟು ಮಲಗಿದವರಿಗೇ ಮರುದಿನ ಕೈ ಚೆನ್ನಾಗಿ ಕೂಡಿಬರುವ ಸಂಭವ ಹೆಚ್ಚು.

ಇಂಥ ಆಟಗಳಿಂದ ಪ್ರತಿಕ್ರಿಯೆ ಚುರುಕಾಗುತ್ತದೆಯೇ?

ಆ ಆಟದಲ್ಲಿ ಚುರುಕಾಗುತ್ತದೆ. ವಾಹನ ಓಡಿಸಲು, ಓದಲು, ಕ್ರಿಕೆಟ್ ಆಡಲು ಅದರಿಂದ ನೆರವಾಗುತ್ತದೆಂದು ನಂಬಿ ಆಡಬೇಡಿ. ವೇಗದ ವಿಡಿಯೊ ಗೇಮ್‌ಗಳಿಂದ ದೃಷ್ಟಿಯ ಗಮನ ಹೆಚ್ಚುತ್ತದೆಂಬ ಸಂಶೋಧನೆಗಳು ಇವೆ. ಆದರೆ ಅವು ನೂರಾರು ವಸ್ತುಗಳು ಒಮ್ಮೆಲೇ ಎರಗುವ ದೊಡ್ಡ ಆಟಗಳನ್ನು ಕುರಿತವು, ಒಂದೇ ಹಕ್ಕಿಯ ಆಟವನ್ನು ಕುರಿತವಲ್ಲ.

ಡಾಂಗ್ ನುಯೆನ್ ತಮ್ಮ ಆಟವನ್ನು ಏಕೆ ತೆಗೆದುಹಾಕಿದರು?

ಆಟದ ಮೇಲ್ಭಾಗದಲ್ಲಿ ಕಾಣಿಸುತ್ತಿದ್ದ ಜಾಹೀರಾತಿನ ಪಟ್ಟಿಯಿಂದ ಆಗ ದಿನಕ್ಕೆ 50,000 ಡಾಲರ್‌ವರೆಗೆ, ಅಂದಿನ ದರದಲ್ಲಿ ಸುಮಾರು 30 ಲಕ್ಷ ರೂಪಾಯಿ, ಬರುತ್ತಿದೆಯೆಂದು ಅವರೇ ಪತ್ರಕರ್ತರಿಗೆ ಹೇಳಿದ್ದರು. ಹಾಗಿರುವಾಗ 2014ರ ಫೆಬ್ರವರಿ 8ರಂದು, ಇನ್ನು 22 ಗಂಟೆಗಳಲ್ಲಿ ಆಟವನ್ನು ತೆಗೆಯುತ್ತೇನೆ, ಇದನ್ನು ಇನ್ನು ತಾಳಲಾರೆ ಎಂದು ಟ್ವಿಟರ್‌ನಲ್ಲಿ ಬರೆದರು, ಬರೆದಂತೆಯೇ ತೆಗೆದರು. ಪೈಪ್‌ಗಳು ಮಾರಿಯೊ ಆಟದವನ್ನು ಹೋಲುತ್ತವೆಂಬ ಟೀಕೆಯಿದ್ದುದರಿಂದ ಕಾನೂನಿನ ಭಯವೇ ಕಾರಣವೆಂದು ಹಲವರು ಊಹಿಸಿದರು. ಕಾರಣ ಅದಲ್ಲವೆಂದು ಅವರು ಸ್ಪಷ್ಟಪಡಿಸಿದ್ದರು. ಬಿಡುವಿನಲ್ಲಿ ಕೆಲವು ನಿಮಿಷ ಆಡಲೆಂದು ಮಾಡಿದ ಆಟ ಚಟ ಹಿಡಿಸುವ ವಸ್ತುವಾಯಿತು, ಅದೊಂದು ಸಮಸ್ಯೆಯಾಯಿತು ಎಂಬುದು ಫೋರ್ಬ್ಸ್ ಪತ್ರಿಕೆಗೆ ಅವರು ಕೊಟ್ಟ ವಿವರಣೆ. ಮಕ್ಕಳು ಕೈತಪ್ಪಿಹೋಗುತ್ತಿದ್ದಾರೆ ಎಂಬ ದೂರುಗಳು ಅವರಿಗೆ ನೇರವಾಗಿ ಬರುತ್ತಿದ್ದವು. ಹೈಸ್ಕೂಲಿನಲ್ಲಿದ್ದಾಗ ತಾವೇ ಕೌಂಟರ್ ಸ್ಟ್ರೈಕ್ ಆಟಕ್ಕೆ ಅಂಟಿಕೊಂಡು ಓದಿನಲ್ಲಿ ಹಿಂದೆ ಬಿದ್ದಿದ್ದನ್ನೂ ಅವರು ನೆನೆದಿದ್ದಾರೆ.

ಸುದ್ದಿಗಾರರ ಕಾಟವೂ ಅವರ ನಿರ್ಧಾರಕ್ಕೆ ಕಾರಣವಾಗಿದ್ದಿರಬೇಕು, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ತನ್ನ ವಸ್ತುವಿನಿಂದ ಜನರ ದಿನಗಳು ಹಾಳಾಗುತ್ತಿವೆ ಎಂದು ಅನಿಸಿದಾಗ ಹಣ ಹರಿದುಬರುತ್ತಿರುವಾಗಲೇ ಅದನ್ನು ಹಿಂದೆಗೆದುಕೊಂಡವರನ್ನು ಈ ಉದ್ಯಮದಲ್ಲಿ ಬೇರೆ ತೋರಿಸುವುದು ಸುಲಭವಲ್ಲ. ಆ ಗೌರವ ಅವರಿಗೆ ಸಲ್ಲಬೇಕು. ಆಟ ಹೋದ ಮೇಲೆ ಅದು ಉಳಿದಿದ್ದ ಹಳೆಯ ಫೋನುಗಳನ್ನು ಜನ ಇಬೇ ತಾಣದಲ್ಲಿ ಭಾರಿ ಬೆಲೆಗೆ ಮಾರಾಟಕ್ಕಿಟ್ಟರು, ಅನುಕರಣೆಗಳು ಆ್ಯಪ್ ಅಂಗಡಿಗಳನ್ನು ತುಂಬಿದವು. 2024ರ ಸೆಪ್ಟೆಂಬರಿನಲ್ಲಿ ಬೇರೊಂದು ಗುಂಪು ಅದೇ ಹೆಸರಿನಲ್ಲಿ ಆಟವನ್ನು ಮರಳಿ ತರುವುದಾಗಿ ಪ್ರಕಟಿಸಿದಾಗ, ತಮಗೂ ಅದಕ್ಕೂ ಸಂಬಂಧವಿಲ್ಲ, ತಾವು ಏನನ್ನೂ ಮಾರಿಲ್ಲ ಎಂದು ನುಯೆನ್ ಬರೆದರು.

ಈಗಿನ ಆಟಗಳು ಫ್ಲ್ಯಾಪಿ ಬರ್ಡ್‌ಗಿಂತ ಹೇಗೆ ಬೇರೆ?

ಆ ಆಟದಲ್ಲಿ ನೋಟಿಫಿಕೇಶನ್ ಇರಲಿಲ್ಲ, ದಿನದಿನದ ಬಹುಮಾನ ಇರಲಿಲ್ಲ, ಖರೀದಿಸಲು ನಾಣ್ಯಗಳೂ ಇರಲಿಲ್ಲ. ಬಂದ ಅನುಕರಣೆಗಳು ಅದರ ಅಸ್ಥಿಪಂಜರವನ್ನು ಉಳಿಸಿಕೊಂಡು ಮೇಲೆ ಇವೆಲ್ಲವನ್ನೂ ಹೇರಿದವು. ಎರಡು ಸುತ್ತುಗಳ ನಡುವೆ ಪೂರ್ತಿ ಪರದೆಯ ಜಾಹೀರಾತು ಬರುತ್ತದೆ. ಔಟ್ ಆದಾಗ ಜಾಹೀರಾತಿನ ವಿಡಿಯೊ ನೋಡಿದರೆ ಅಲ್ಲಿಂದಲೇ ಮುಂದುವರಿಯಬಹುದು ಎಂಬ ಆಮಿಷ ಬರುತ್ತದೆ. ಏಳು ದಿನ ಬಿಡದೆ ಆಡಿದರೆ ಉಡುಗೊರೆ, ಒಂದು ದಿನ ತಪ್ಪಿದರೆ ಮೊದಲಿನಿಂದ ಎಣಿಕೆ. ನೀವು ಆಡುವ ಹೊತ್ತೇ ಈ ವ್ಯಾಪಾರದ ಸರಕು, ಆದ್ದರಿಂದ ನಿಮ್ಮನ್ನು ಬೇಗ ಎಬ್ಬಿಸಿ ಕಳಿಸುವುದರಲ್ಲಿ ತಯಾರಕರಿಗೆ ಯಾವ ಲಾಭವೂ ಇಲ್ಲ. ಸುತ್ತುಗಳ ನಡುವಿನ ಜಾಹೀರಾತು ಒಂದು ಬಿಡುವನ್ನು ಒದಗಿಸುವುದೇನೋ ಹೌದು, ಆದರೆ ಆ ಬಿಡುವು ನಿಮ್ಮ ಕೈಗೆ ಬರದೆ ಜಾಹೀರಾತುದಾರರಿಗೆ ಮಾರಾಟವಾಗಿರುತ್ತದೆ.

ಇದನ್ನು ಕಾಯಿಲೆ ಎನ್ನಬಹುದೇ?

ಹೆಚ್ಚಿನವರ ವಿಷಯದಲ್ಲಿ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ತನ್ನ ಕಾಯಿಲೆಗಳ ಅಂತಾರಾಷ್ಟ್ರೀಯ ವರ್ಗೀಕರಣದ 11ನೇ ಆವೃತ್ತಿಯಲ್ಲಿ ಗೇಮಿಂಗ್ ಅಸ್ವಸ್ಥತೆಯನ್ನು ಸೇರಿಸಿದ್ದು, ಅದು 2022ರ ಜನವರಿ 1ರಿಂದ ಜಾರಿಯಲ್ಲಿದೆ. ಆಟದ ಮೇಲೆ ಹಿಡಿತ ತಪ್ಪುವುದು, ಬೇರೆಲ್ಲ ಆಸಕ್ತಿ ಮತ್ತು ದಿನನಿತ್ಯದ ಕೆಲಸಗಳಿಗಿಂತ ಆಟವೇ ಮುಂದಾಗುವುದು, ಕೆಡುಕಾಗುತ್ತಿದೆಯೆಂದು ಗೊತ್ತಿದ್ದೂ ಮುಂದುವರಿಸುವುದು, ಇವೆಲ್ಲ ಸೇರಿ ಮನೆ, ಓದು, ಉದ್ಯೋಗಗಳಿಗೆ ಗಣನೀಯವಾದ ಪೆಟ್ಟು ಬಿದ್ದಿರಬೇಕು. ಸಾಮಾನ್ಯವಾಗಿ 12 ತಿಂಗಳಾದರೂ ಹೀಗೆ ನಡೆದಿರಬೇಕು. ಬಸ್ಸಿಗೆ ಕಾಯುವಾಗ ಅರ್ಧ ಗಂಟೆ ಆಡಿದವರನ್ನು ಚಟಗಾರರೆಂದು ಕರೆಯುವುದರಿಂದ ನಿಜವಾಗಿ ಒದ್ದಾಡುತ್ತಿರುವವರ ಕಷ್ಟ ಹಗುರವಾಗಿಬಿಡುತ್ತದೆ.

ಕಡಿಮೆ ಮಾಡುವುದು ಹೇಗೆ?

ಆಟ ಕಿತ್ತುಕೊಂಡ ಬಿಡುವನ್ನು ಮರಳಿ ತಂದುಕೊಳ್ಳಬೇಕು. ಔಟ್ ಆದಾಗಲೆಲ್ಲ ಫೋನನ್ನು ಮೇಜಿನ ಮೇಲೆ ಮಗುಚಿ ಇಟ್ಟು, ನಿಧಾನವಾಗಿ ಒಂದು ಉಸಿರು ತೆಗೆದುಕೊಂಡು, ಆಡಬೇಕೆನಿಸಿದರೆ ಮತ್ತೆ ಎತ್ತಿಕೊಳ್ಳಿ. ಬಾಲಿಶವೆನಿಸುವ ಈ ಕ್ರಮ ಮತ್ತೊಂದು ಆಟವನ್ನು ನಿರ್ಧಾರವನ್ನಾಗಿ ಮಾರ್ಪಡಿಸುತ್ತದೆ. ಅಂಕದ ಗುರಿ ಇಟ್ಟುಕೊಳ್ಳುವ ಬದಲು ಆಟಗಳ ಸಂಖ್ಯೆಯನ್ನು ಮೊದಲೇ ನಿಗದಿ ಮಾಡಿಕೊಳ್ಳಿ, ಏಕೆಂದರೆ ಹತ್ತು ಆಟ ಎಂದರೆ ಹತ್ತೇ. ದಾಖಲೆ ಎಂದರೆ ಎಷ್ಟೆಂಬುದು ಮೇಲಿನ ಲೆಕ್ಕದಲ್ಲಿ ಕಂಡಿದೆ. ಕುಕ್ಕರಿನ ಮೂರು ಸೀಟಿ ಮುಗಿಯುವವರೆಗೆ, ತಮ್ಮ ಸ್ಟಾಪ್ ಬರುವವರೆಗೆ ಎಂಬಂತೆ ಹೊರಗಿನ ಒಂದು ಸಂಗತಿ ಕೊನೆಯನ್ನು ಹೇಳುವ ಹೊತ್ತಿನಲ್ಲಿ ಆಡುವುದು ಒಳ್ಳೆಯದು, ಹಾಸಿಗೆಯಲ್ಲಿ ಹಾಗೆ ಹೇಳುವ ಸಂಗತಿ ಯಾವುದೂ ಇಲ್ಲ. ಆಂಡ್ರಾಯ್ಡ್‌ನ ಡಿಜಿಟಲ್ ವೆಲ್‌ಬೀಯಿಂಗ್ ಮತ್ತು ಐಫೋನಿನ ಸ್ಕ್ರೀನ್ ಟೈಮ್‌ನಲ್ಲಿ ಪ್ರತಿ ಆ್ಯಪ್‌ಗೆ ದಿನದ ಮಿತಿ ಹಾಕಬಹುದು. ಮಿತಿಯನ್ನು ಮೀರುವುದು ಸುಲಭವಾದರೂ ನಡುವೆ ಅಡ್ಡ ಬರುವ ಆ ಸೂಚನೆಯೇ ಬೇಕಾದ ಬಿಡುವನ್ನು ಕೊಡುತ್ತದೆ. ಇವು ಯಾವುವೂ ನಡೆಯದಿದ್ದರೆ ಆ್ಯಪನ್ನೇ ಅಳಿಸಿಹಾಕಿ. ಮತ್ತೆ ಇಳಿಸಿಕೊಳ್ಳಲು ಹಿಡಿಯುವ ಒಂದೆರಡು ನಿಮಿಷವೂ ಉಪಯೋಗಕ್ಕೆ ಬರುತ್ತದೆ.

ಮಗು ಫೋನ್ ಕೊಡುವುದೇ ಇಲ್ಲ, ಕಿತ್ತುಕೊಂಡರೆ ರಂಪ ಮಾಡುತ್ತದೆ. ಏನು ಮಾಡಬೇಕು?

ಆಟದ ನಡುವೆ ಕಿತ್ತುಕೊಳ್ಳಬೇಡಿ. ಹಕ್ಕಿ ಹಾರುತ್ತಿರುವಾಗ ಕಿತ್ತುಕೊಂಡ ಫೋನ್ ಮಗುವಿನ ಪಾಲಿಗೆ ಅನ್ಯಾಯದ ಸೋಲು. ಇನ್ನು ಮೂರು ಸಲ ಔಟ್ ಆದ ಮೇಲೆ ಕೊಡಬೇಕು ಎಂದು ಮೊದಲೇ ಹೇಳಿ, ಪಕ್ಕದಲ್ಲಿ ಕುಳಿತು ನೀವೂ ಎಣಿಸಿ. ಸಾಧ್ಯವಾದರೆ ಒಂದು ಆಟ ನೀವೂ ಆಡಿ. ಮಗುವನ್ನು ಹಿಡಿದಿಟ್ಟಿರುವುದು ಏನೆಂದು ಆಗ ನಿಮಗೂ ತಿಳಿಯುತ್ತದೆ, ಬೈಗುಳ ತಾನಾಗಿಯೇ ಕಡಿಮೆಯಾಗುತ್ತದೆ. ಎರಡು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಪರದೆಯೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆ.

ಊಟ, ನಿದ್ರೆ, ಶಾಲೆ, ಸ್ನೇಹಿತರು ಇವೆಲ್ಲ ತಿಂಗಳುಗಟ್ಟಲೆ ಹಿಂದೆ ಸರಿದು ಆಟವೊಂದೇ ಉಳಿದಿದ್ದರೆ ಮನೆಯ ಉಪಾಯಗಳಿಗೆ ಕಾಯಬಾರದು. ತಂತ್ರಜ್ಞಾನದ ಅತಿಬಳಕೆಯಿಂದ ತೊಂದರೆಗೆ ಒಳಗಾದವರಿಗಾಗಿಯೇ ಬೆಂಗಳೂರಿನ ನಿಮ್ಹಾನ್ಸ್ 2014ರಿಂದ ಶಟ್ ಕ್ಲಿನಿಕ್ ನಡೆಸುತ್ತಿದೆ. ಮಕ್ಕಳನ್ನೂ ದೊಡ್ಡವರನ್ನೂ ಅಲ್ಲಿಗೆ ಕರೆದೊಯ್ಯಬಹುದು. ದೂರದ ಊರುಗಳಲ್ಲಿರುವವರು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಆಪ್ತಸಲಹೆಗಾರರೊಡನೆ ಮಾತನಾಡಬಹುದು, ಇದಕ್ಕೆ ಶುಲ್ಕವಿಲ್ಲ.